ಬಿಲ್ಲು ಶೂನ್ಯವಾದರೆ ದುಂದೂ ಶೂನ್ಯವೇ?

ಬೆಂಗಳೂರಿನ ವಸಂತಪುರದಲ್ಲಿ ವಾಸವಾಗಿರುವ ಪರಿಚಿತರೊಬ್ಬರು ಇತ್ತೀಚೆಗೆ ಒಂದು ಪ್ರಶ್ನೆ ಕೇಳಿದರು. ಅವರ ಮನೆಯ ಹಾಲಿನ ಫಾಲ್ಸ್ ಸೀಲಿಂಗ್‌ನಲ್ಲಿ 12 ಹ್ಯಾಲೊಜೆನ್ ದೀಪಗಳಿವೆ. ಅವನ್ನು ತೆಗೆಸಿ ಎಲ್‌ಇಡಿ ಹಾಕಿಸಬೇಕೆಂದು ಮಗಳ ಒತ್ತಾಯ. “ಹಜ್ರತ್, ನಮ್ಮ ಮನೆಗೆ ಗೃಹಜ್ಯೋತಿ ಇದೆ, ಬಿಲ್ಲು ಶೂನ್ಯ. ದೀಪಗಳೂ ಚೆನ್ನಾಗಿಯೇ ಉರಿಯುತ್ತಿವೆ. ಉರಿಯುವ ದೀಪವನ್ನು ಕಿತ್ತು, ಕೈಯಿಂದ ಹಣ ಹಾಕಿ ಹೊಸತನ್ನು ತಂದರೆ ಅದೇ ಇಸ್ರಾಫ್ ಆಗುವುದಿಲ್ಲವೇ?”

ಪ್ರಶ್ನೆ ಪ್ರಾಮಾಣಿಕವಾದುದು. ಆದುದರಿಂದ ಲೆಕ್ಕದಿಂದಲೇ ಪ್ರಾರಂಭಿಸೋಣ. 50 ವಾಟ್‌ನ 12 ದೀಪಗಳು ದಿನಕ್ಕೆ ಐದು ಗಂಟೆ ಉರಿದರೆ 3 ಯೂನಿಟ್, ತಿಂಗಳಿಗೆ 90 ಯೂನಿಟ್. ಹೆಚ್ಚುಕಡಿಮೆ ಅಷ್ಟೇ ಬೆಳಕನ್ನು 6 ವಾಟ್‌ನ ಎಲ್‌ಇಡಿಗಳು ತಿಂಗಳಿಗೆ ಸುಮಾರು 11 ಯೂನಿಟ್‌ನಲ್ಲಿ ಕೊಡುತ್ತವೆ. ಹ್ಯಾಲೊಜೆನ್ ದೀಪದಲ್ಲಿ ತಂತಿ ಕಾದು ಬೆಳಗಬೇಕು. ಅದು ಎಳೆದುಕೊಂಡ ವಿದ್ಯುತ್ತಿನಲ್ಲಿ ಹತ್ತನೆಯ ಒಂದು ಪಾಲು ಕೂಡ ಬೆಳಕಾಗುವುದಿಲ್ಲ, ಉಳಿದುದೆಲ್ಲ ಶಾಖ. ಆ ಶಾಖವನ್ನು ತಾಳಲಾರದೆ ನಾವು ಫ್ಯಾನ್ ಹಾಕುತ್ತೇವೆ!

ಈಗ ಶೂನ್ಯ ಬಿಲ್ಲಿನ ವಿಷಯ. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ, 2022-23ನೇ ಸಾಲಿನ ಸರಾಸರಿ ಬಳಕೆಗೆ ಶೇ. 10 ಸೇರಿಸಿ, 200 ಯೂನಿಟ್ ಮೀರದಂತೆ ಪ್ರತಿ ಮನೆಗೂ ಮಿತಿ ನಿಗದಿಯಾಯಿತು. ನಮ್ಮ ಪರಿಚಿತರ ಸರಾಸರಿ 170 ಯೂನಿಟ್, ಮಿತಿ 187. ಆ ವರ್ಷ ಹೆಚ್ಚು ಉರಿಸಿದವನಿಗೆ ಹೆಚ್ಚು, ಮಿತವಾಗಿ ಬಾಳಿದವನಿಗೆ ಕಡಿಮೆ. ವಿಚಿತ್ರವಾದರೂ ನಿಯಮ ಹಾಗಿದೆ. ಈಗ ಅವರು ತಿಂಗಳಿಗೆ 79 ಯೂನಿಟ್ ಉಳಿಸಿದರೂ ಅವರ ಜೇಬಿಗೆ ಒಂದು ಪೈಸೆಯೂ ಬರದು. ಬಲ್ಬಿನ ಹಣ ಮಾತ್ರ ಅವರದು, ಉಳಿತಾಯ ಸರಕಾರದ್ದು.

ಇಲ್ಲಿಯೇ ನಿಜವಾದ ಪ್ರಶ್ನೆ ಏಳುತ್ತದೆ. ನಮಗೆ ನಷ್ಟವಾಗದಿದ್ದರೆ ಅದು ದುಂದೇ ಅಲ್ಲವೇ? ವುಝೂ ಮಾಡುವಾಗ ನೀರನ್ನು ಅತಿಯಾಗಿ ಸುರಿಯುತ್ತಿದ್ದ ಸಹಾಬಿಯೊಬ್ಬರನ್ನು ಪ್ರವಾದಿವರ್ಯರು(ಸ) ತಡೆದ ಪ್ರಸಂಗ ನಮಗೆಲ್ಲ ತಿಳಿದಿದೆ. ಹರಿಯುವ ನದಿಯ ದಡದಲ್ಲಿದ್ದರೂ ಆ ಮಾತು ಅನ್ವಯಿಸುತ್ತದೆಂದು ಅವರು ಸ್ಪಷ್ಟಪಡಿಸಿದ್ದರು. ನದಿ ಯಾರಿಗೂ ಬಿಲ್ಲು ಕೊಡುವುದಿಲ್ಲ. ಇನ್ನು ನಮ್ಮ ವಿದ್ಯುತ್ತಾದರೂ ನದಿಯಿಂದಲೇ ಬಂದುದಲ್ಲವೇ? 1905ರಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿದ್ದು ಶಿವನಸಮುದ್ರದ ಕಾವೇರಿಯಿಂದ. ಈಗ ಅದರೊಂದಿಗೆ ರಾಯಚೂರಿನ ಶಕ್ತಿನಗರದಲ್ಲಿ ಸುಡುವ ಕಲ್ಲಿದ್ದಲೂ ಸೇರಿದೆ.

ಈ ನದಿ ಬತ್ತುವುದೂ ಉಂಟು. 2023ರಲ್ಲಿ ಮುಂಗಾರು ಕೈಕೊಟ್ಟು ವಿದ್ಯುತ್ ಅಭಾವ ತಲೆದೋರಿದಾಗ, ಅಕ್ಟೋಬರ್‌ನಲ್ಲಿ ರೈತರ ಪಂಪ್‌ಸೆಟ್‌ಗಳಿಗೆ ಏಳು ಗಂಟೆಯ ಬದಲು ಐದು ಗಂಟೆ ಮಾತ್ರ ವಿದ್ಯುತ್ ಎಂಬ ಸ್ಥಿತಿ ಬಂತು. ಒಣಗುತ್ತಿದ್ದ ಬೆಳೆಯ ಮುಂದೆ ರೈತ ಕಾದು ಕುಳಿತಿದ್ದ ಅದೇ ದಿನಗಳಲ್ಲಿ ನಮ್ಮ ಹಾಲ್‌ಗಳಲ್ಲಿ 600 ವಾಟ್ ಉರಿಯುತ್ತಿತ್ತು. ನಮ್ಮ ಬಿಲ್ಲಿನಲ್ಲಿ ಕಾಣಿಸದ ನಷ್ಟ ಇನ್ನೊಬ್ಬನ ಹೊಲದಲ್ಲಿ ಕಾಣಿಸಬಹುದು.

ಖಲೀಫ ಉಮರ್ ಬಿನ್ ಅಬ್ದುಲ್ ಅಝೀಝ್(ರ)ರ ಕುರಿತು ಹೇಳಲಾಗುವ ಘಟನೆಯೂ ಇಲ್ಲಿ ನೆನಪಾಗುತ್ತದೆ. ರಾಜ್ಯದ ಕೆಲಸ ಮುಗಿದು ಮನೆಯ ಮಾತು ಪ್ರಾರಂಭವಾದೊಡನೆ ಅವರು ಬೊಕ್ಕಸದ ಎಣ್ಣೆಯ ದೀಪವನ್ನು ಆರಿಸಿದರಂತೆ. ನಮಗೆ ಬೊಕ್ಕಸದ ಎಣ್ಣೆಯನ್ನು ಮನೆಯಲ್ಲಿ ಉರಿಸುವ ಅನುಮತಿಯನ್ನು ಸರಕಾರವೇ ಕೊಟ್ಟಿದೆ. ಅದನ್ನು ಪಡೆಯುವುದರಲ್ಲಿ ತಪ್ಪಿಲ್ಲ, ಸಂಕೋಚವೂ ಬೇಕಿಲ್ಲ. ಆದರೆ ಅದು ಎಲ್ಲರ ಎಣ್ಣೆ ಎಂಬುದನ್ನು ಮರೆಯುವ ಅನುಮತಿಯನ್ನು ಯಾರೂ ಕೊಟ್ಟಿಲ್ಲ.

ಉರಿಯುವ ದೀಪವನ್ನು ತೆಗೆಯುವುದು ದುಂದಲ್ಲವೇ ಎಂಬ ಮಾತಿಗೂ ಉತ್ತರ ಬೇಕು. ಹ್ಯಾಲೊಜೆನ್ ದೀಪದ ಆಯುಷ್ಯ ಸಾಮಾನ್ಯವಾಗಿ 2,000 ಗಂಟೆ. ದಿನಕ್ಕೆ ಐದು ಗಂಟೆಯಂತೆ ಸುಮಾರು 13 ತಿಂಗಳು. ಅದು ಸುಡುವ ಒಂದೆರಡು ತಿಂಗಳ ವಿದ್ಯುತ್ತೇ ಉಳಿದಿರುವ ಗಾಜು ಮತ್ತು ತಂತಿಯ ಬೆಲೆಯನ್ನು ಮೀರಿಸುತ್ತದೆ. ಹಾಗೆಂದು ಮನೆಯಿಡೀ ಕೆಡವಬೇಕಿಲ್ಲ. ದಿನಕ್ಕೆ ಐದು ನಿಮಿಷ ಉರಿಯುವ ಸ್ಟೋರ್ ರೂಮಿನ ದೀಪ ತನ್ನ ಕಾಲ ಮುಗಿಸಲಿ. ಹಾಲಿನಲ್ಲಿಯೂ ಮೊದಲು ಆರನ್ನು ಮಾತ್ರ ಹಾಕಿ ಒಂದು ತಿಂಗಳು ನೋಡಬಹುದು. 12 ಬೇಕೆಂದವನು ಮನೆ ಕಟ್ಟಿದ ಗುತ್ತಿಗೆದಾರನೇ ಹೊರತು ಅಲ್ಲಿ ವಾಸಿಸುವವರಲ್ಲ. ‘ಆರೇ ವಾಟ್ ತಾನೇ’ ಎಂದು ರಾತ್ರಿಯಿಡೀ ಉರಿಸುವ ಹೊಸ ರೋಗವೂ ಎಲ್‌ಇಡಿಯೊಂದಿಗೆ ಬಂದಿದೆ. ಅದಕ್ಕೆ ಅಂಗಡಿಯಲ್ಲಿ ಔಷಧವಿಲ್ಲ.

ಎಲೆಕ್ಟ್ರೀಷಿಯನ್‌ನನ್ನು ಕರೆಸುವಾಗ ಒಂದು ಮಾತು ಗಮನದಲ್ಲಿರಲಿ. ಇಂತಹ ದೀಪಗಳಲ್ಲಿ ಅನೇಕವು 12 ವೋಲ್ಟ್‌ನವು. ಸೀಲಿಂಗ್ ಒಳಗೆ ಪ್ರತ್ಯೇಕ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಹಳೆಯ ಟ್ರಾನ್ಸ್‌ಫಾರ್ಮರ್‌ಗೆ 6 ವಾಟ್‌ನ ಹೊರೆ ಸಾಲದೆ ಹೊಸ ಬಲ್ಬು ಮಿಣುಕಬಹುದು. ಆಗ ಅದನ್ನೂ ಬದಲಾಯಿಸಬೇಕಾಗುತ್ತದೆ.

ತೆಗೆದ ದೀಪಗಳನ್ನು ಏನು ಮಾಡುವುದು? ಮನೆಗೆಲಸಕ್ಕೆ ಬರುವ ಹೆಂಗಸಿಗೆ ಕೊಟ್ಟುಬಿಡೋಣ ಎಂದು ಹೆಚ್ಚಿನವರು ಹೇಳುತ್ತಾರೆ. ತಾವೇ ಕಣ್ಣು ಮುಚ್ಚಿಕೊಳ್ಳದೆ ಸ್ವೀಕರಿಸಲಾರದ ವಸ್ತುವನ್ನು ದಾನಕ್ಕಾಗಿ ಆರಿಸಬಾರದೆಂದು ಅಲ್‌ಬಕರಃ ಅಧ್ಯಾಯ ಎಚ್ಚರಿಸಿದೆ. ಆಕೆಯ ಮನೆಗೂ ಗೃಹಜ್ಯೋತಿ ಇರಬಹುದು. ಆದರೆ ಎರಡು ಬಲ್ಬು, ಒಂದು ಫ್ಯಾನಿನ ಆ ಮನೆಯ ಸರಾಸರಿ 40 ಯೂನಿಟ್ ಇದ್ದರೆ ಮಿತಿಯೂ 50ರೊಳಗೇ. ನಾವು ಕೊಟ್ಟ ಎರಡು ದೀಪಗಳು ತಿಂಗಳಿಗೆ 15 ಯೂನಿಟ್ ಉರಿಸುತ್ತವೆ. ಮಿತಿ ದಾಟಿದ ಯೂನಿಟ್‌ಗಳ ಹಣವನ್ನು ಆಕೆಯೇ ಕಟ್ಟಬೇಕು. ಕೊಡುವ ಮನಸ್ಸಿದ್ದವರು ಹೊಸ ಎಲ್‌ಇಡಿ ಬಲ್ಬುಗಳನ್ನು ತರುವಾಗ ಆಕೆಗೂ ಎರಡು ತರಲಿ.