ಕೇಳದಿದ್ದರೆ ಹೇಳಬೇಕಾಗಿಲ್ಲವೇ?

ಹಳೆಯ ವಾಹನ ಮಾರಿದವರ ಬಾಯಲ್ಲಿ ಒಂದು ಮಾತು ಸದಾ ಸಿದ್ಧವಾಗಿರುತ್ತದೆ: "ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಸುಳ್ಳನ್ನಂತೂ ಆಡಿಲ್ಲ." ಕೇಳುವುದಕ್ಕೆ ಇದು ನ್ಯಾಯವಾದ ಮಾತಿನಂತೆಯೇ ಇದೆ. ಸುಳ್ಳು ಹೇಳುವುದು ಪಾಪ. ಸುಮ್ಮನಿರುವುದು ಪಾಪ ಹೇಗಾದೀತು? ಕೊಳ್ಳುವವನಿಗೂ ಕಣ್ಣಿದೆ, ಬುದ್ಧಿಯಿದೆ. ಅವನು ನೋಡಿಕೊಂಡು ಕೊಳ್ಳಲಿ. ಐದು ಹೊತ್ತಿನ ನಮಾಝ್ ತಪ್ಪಿಸದವರೂ ಹೀಗೆ ಹೇಳಿ ನೆಮ್ಮದಿಯಿಂದ ನಿದ್ರಿಸುವುದನ್ನು ನೀವು ಕಂಡಿರಬಹುದು. ಪ್ರಿಯ ಓದುಗರೇ, ಈ ನೆಮ್ಮದಿಗೆ ಆಧಾರವಿದೆಯೇ ಎಂಬುದನ್ನು ಸ್ವಲ್ಪ ಪರಿಶೀಲಿಸೋಣ.

ನಮ್ಮ ಸಮಾಜದ ಅನೇಕ ಕುಟುಂಬಗಳ ಪಾಲಿಗೆ ವಾಹನವೆಂದರೆ ಸೆಕೆಂಡ್ ಹ್ಯಾಂಡ್ ವಾಹನವೇ. ಅದರಲ್ಲೂ ಓಮ್ನಿ ವ್ಯಾನನ್ನು ಅರಿಯದವರು ಯಾರು? 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ರಸ್ತೆಗಿಳಿದ ಈ ಗಾಡಿಯ ತಯಾರಿಕೆ 2019ರಲ್ಲಿ ನಿಂತಿತು. ಆದ್ದರಿಂದ ಇಂದು ಮಾರಾಟಕ್ಕೆ ಬರುವ ಪ್ರತಿಯೊಂದು ಓಮ್ನಿಯೂ ಹಳೆಯದೇ. ಮೀನು, ತರಕಾರಿ ಸಾಗಿಸುವವನು, ಸಂತೆಯಿಂದ ಸಂತೆಗೆ ಬಟ್ಟೆ ಒಯ್ಯುವವನು, ಮದುವೆ ಮನೆಗೆ ಅಡುಗೆಯ ಪಾತ್ರೆ ತಲುಪಿಸುವವನು, ಮಕ್ಕಳನ್ನು ಶಾಲೆಗೂ ಮದ್ರಸಕ್ಕೂ ಕರೆದೊಯ್ಯುವವನು ಎಲ್ಲರೂ ಇದನ್ನು ನಂಬಿ ಬದುಕಿದವರು. ಹೆಂಡತಿಯ ಒಡವೆ ಮಾರಿ, ಬಂಧುಗಳಿಂದ ಕೈಗಡ ಪಡೆದು ಇಂಥ ಒಂದು ವ್ಯಾನ್ ಕೊಂಡವನಿಗೆ ಅದು ಗಾಡಿಯಲ್ಲ, ಮನೆಯ ಅನ್ನದ ತಟ್ಟೆ.

ಈ ವ್ಯಾನಿನ ಕಾಯಿಲೆಗಳು ಹೊರಗೆ ಕಾಣುವುದು ಕಡಿಮೆ. ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಕರಾವಳಿಯ ಉಪ್ಪುಗಾಳಿಗೂ ಮಳೆಗಾಲದ ನೀರಿಗೂ ತುಕ್ಕು ಹಿಡಿಯುವುದು ಮ್ಯಾಟಿನ ಕೆಳಗಿನ ತಗಡು ಮತ್ತು ಜಾರುವ ಬಾಗಿಲಿನ ತಳಭಾಗ. ಅದರ ಮೇಲೆ ಪಟ್ಟಿ ಹಚ್ಚಿ ಬಣ್ಣ ಹೊಡೆದರೆ ಕೆಲವು ತಿಂಗಳು ಯಾರಿಗೂ ತಿಳಿಯದು. ಪಿಸ್ಟನ್ ರಿಂಗ್ ಸವೆದ ಎಂಜಿನ್ ಆಯಿಲನ್ನು ಸುಟ್ಟು ನೀಲಿ ಹೊಗೆ ಉಗುಳುತ್ತದೆ. ದಪ್ಪನೆಯ ಆಯಿಲ್ ಹಾಕಿಬಿಟ್ಟರೆ ಕೆಲವು ದಿನ ಸುಮ್ಮನಾಗುತ್ತದೆ. ರೇಡಿಯೇಟರ್ ಕಟ್ಟಿಕೊಂಡರೆ ಎಂಜಿನ್ ಕಾಯುತ್ತದೆ, ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಒಡೆದು ನೀರು ಆಯಿಲಿಗೆ ಬೆರೆತು ಅದು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಬೆಳಗಿನ ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗಲು ಹಟ ಮಾಡುತ್ತದೆಯೆಂದು ಬಲ್ಲ ಮಾಲಿಕನು, ಗಿರಾಕಿ ಬರುವ ಅರ್ಧ ಗಂಟೆ ಮೊದಲೇ ಒಂದು ಸುತ್ತು ಓಡಿಸಿ ಬಿಸಿ ಮಾಡಿ ನಿಲ್ಲಿಸುತ್ತಾನೆ. ಕಿಲೋಮೀಟರಿನ ಮೀಟರನ್ನು ಹಿಂದಕ್ಕೆ ತಿರುಗಿಸುವವರಂತೂ ಇದ್ದೇ ಇದ್ದಾರೆ.

ಕೊಂಡವನ ಕಥೆ ನಂತರ ಶುರುವಾಗುತ್ತದೆ. ಗ್ಯಾರೇಜಿನಲ್ಲಿ ಒಂದನ್ನು ಬಿಚ್ಚಿದರೆ ಇನ್ನೊಂದು ಕಾಣುತ್ತದೆ. ಗ್ಯಾಸ್ಕೆಟ್ ಬದಲಿಸಲು ಹೋದವನಿಗೆ ಹೆಡ್ ಕೆಲಸ, ಹೆಡ್ ಕೆಲಸಕ್ಕೆ ಹೋದವನಿಗೆ ಬೋರ್ ಕೆಲಸ. ಬಿಡಿಭಾಗದ ಬೆಲೆಗಿಂತ ಕೂಲಿ ಹೆಚ್ಚು, ಕೂಲಿಗಿಂತಲೂ ಗಾಡಿ ನಿಂತ ದಿನಗಳ ಸಂಪಾದನೆಯ ನಷ್ಟ ಹೆಚ್ಚು. ಕೊನೆಗೆ ಅವನು ಬಡ್ಡಿಗೆ ಸಾಲ ತರುತ್ತಾನೆ. ಒಬ್ಬನ ಮೌನವು ಇನ್ನೊಬ್ಬನನ್ನು ಬಡ್ಡಿಯ ಬಾಗಿಲಿಗೆ ತಂದು ನಿಲ್ಲಿಸಿತು. ಇದನ್ನು ಕೇವಲ ವ್ಯಾಪಾರವೆಂದು ಹೇಳಿ ಕೈತೊಳೆದುಕೊಳ್ಳಲು ಸಾಧ್ಯವೇ?

ಕೆಚ್ಚಲು ಹೇಳಿದ ಸುಳ್ಳು

ಪ್ರವಾದಿವರ್ಯರ(ಸ) ಕಾಲದಲ್ಲಿ ವ್ಯಾನ್ ಇರಲಿಲ್ಲ. ಆದರೆ ಮನುಷ್ಯನ ಮನಸ್ಸು ಇದೇ ಆಗಿತ್ತು. ಒಂಟೆ ಅಥವಾ ಆಡನ್ನು ಮಾರುವ ಮೊದಲು ಕೆಲವು ದಿನ ಹಾಲು ಕರೆಯದೆ ಬಿಡುವ ರೂಢಿ ಅರಬರಲ್ಲಿತ್ತು. ಕೆಚ್ಚಲು ತುಂಬಿ ಬಿಗಿದು, ಕೊಳ್ಳುವವನಿಗೆ ಇದು ಬಹಳ ಹಾಲು ಕೊಡುವ ಪ್ರಾಣಿಯೆಂಬ ಭ್ರಮೆ ಹುಟ್ಟುತ್ತಿತ್ತು. ಪ್ರವಾದಿವರ್ಯರು(ಸ) ಇದನ್ನು ನಿಷೇಧಿಸಿದರು. ಹೀಗೆ ಮೋಸಹೋದವನಿಗೆ ಮೂರು ದಿನಗಳ ಅವಕಾಶವಿದೆ, ಬೇಡವಾದರೆ ಪ್ರಾಣಿಯನ್ನು ಮರಳಿಸಿ, ಕರೆದ ಹಾಲಿಗೆ ಬದಲಾಗಿ ಒಂದು ಸಾಅ್ ಖರ್ಜೂರ ಕೊಡಲಿ ಎಂದು ತೀರ್ಪಿತ್ತರು. ಬುಖಾರಿ, ಮುಸ್ಲಿಮ್ ಗ್ರಂಥಗಳಲ್ಲಿ ಈ ವಿಷಯ ಬಂದಿದೆ.

ಇಲ್ಲಿ ಗಮನಿಸಿ. ಆ ಮಾರಾಟಗಾರನು ಬಾಯಿ ಬಿಟ್ಟಿಲ್ಲ. ಇಷ್ಟು ಸೇರು ಹಾಲು ಕೊಡುತ್ತದೆಂದು ಹೇಳಿಲ್ಲ. ಅವನ ಪರವಾಗಿ ಕೆಚ್ಚಲು ಮಾತನಾಡಿತು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ನಮ್ಮ ಹಿರಿಯರು ಹೇಳುತ್ತಾರೆ. ಇಲ್ಲಿ ಹಾಲೇ ಸುಳ್ಳು ಹೇಳಿತು. ಮೊದಲೇ ಬಿಸಿ ಮಾಡಿ ನಿಲ್ಲಿಸಿದ ಎಂಜಿನ್, ತುಕ್ಕಿನ ಮೇಲಿನ ಹೊಸ ಬಣ್ಣ, ದಪ್ಪ ಆಯಿಲ್ ಇವೆಲ್ಲ ಆ ಕೆಚ್ಚಲಿನ ತಮ್ಮಂದಿರು. ನಾಲಿಗೆ ಸುಮ್ಮನಿದ್ದ ಮಾತ್ರಕ್ಕೆ ಮನುಷ್ಯನು ಸುಳ್ಳಿನಿಂದ ಮುಕ್ತನಾಗುವುದಿಲ್ಲ.

"ನಾನು ಬಣ್ಣವನ್ನೂ ಹೊಡೆದಿಲ್ಲ, ಮೀಟರನ್ನೂ ಮುಟ್ಟಿಲ್ಲ, ದೋಷ ತಾನಾಗಿ ಬಂದದ್ದು" ಎನ್ನುವವರಿದ್ದಾರೆ. ಅವರಿಗೆ ಧಾನ್ಯದ ರಾಶಿಯ ಪ್ರಸಂಗ ಉತ್ತರ ಕೊಡುತ್ತದೆ. ಪ್ರವಾದಿವರ್ಯರು(ಸ) ಮಾರುಕಟ್ಟೆಯಲ್ಲಿ ಒಂದು ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗಲಿತು. ಇದೇನೆಂದು ಕೇಳಿದಾಗ ಮಳೆ ಬಿದ್ದಿತ್ತೆಂದು ವ್ಯಾಪಾರಿ ಉತ್ತರಿಸಿದನು. ಜನರಿಗೆ ಕಾಣುವಂತೆ ಒದ್ದೆಯಾದುದನ್ನು ಮೇಲೇಕೆ ಇಡಲಿಲ್ಲವೆಂದು ಅವರು ಪ್ರಶ್ನಿಸಿದರು ಮತ್ತು ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಮಳೆಯನ್ನು ಆ ವ್ಯಾಪಾರಿ ಸುರಿಸಿರಲಿಲ್ಲ. ದೋಷ ಅವನ ಕೈಯಿಂದ ಆದದ್ದಲ್ಲ. ಆದರೂ ಅವನನ್ನು ಪ್ರಶ್ನಿಸಲಾಯಿತು. ಏಕೆಂದರೆ ದೋಷ ಹೇಗೆ ಬಂತೆಂಬುದು ಪ್ರಶ್ನೆಯಲ್ಲ; ತಿಳಿದವನು ತಿಳಿಯದವನಿಗೆ ತೋರಿಸಿದನೇ ಎಂಬುದೇ ಪ್ರಶ್ನೆ.

"ಇದ್ದ ಹಾಗೆ ಕೊಡುತ್ತೇನೆ"

ಇನ್ನು ಕೆಲವರು "ಗಾಡಿ ಇದ್ದ ಹಾಗೆ ಕೊಡುತ್ತೇನೆ, ನಂತರ ನನ್ನ ಬಳಿ ಬರಬಾರದು" ಎಂದು ಷರತ್ತು ಹಾಕುತ್ತಾರೆ. ಎಲ್ಲ ದೋಷಗಳ ಹೊಣೆಯಿಂದ ಬಿಡುಗಡೆ ಪಡೆಯುವ ಇಂಥ ಷರತ್ತಿನ ಕುರಿತು ಫಿಕ್‌ಹ್ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಹನಫೀ ಮದ್‌ಹಬ್ ಅದನ್ನು ಸಿಂಧುವೆಂದು ಒಪ್ಪುತ್ತದೆ. ಶಾಫಿಈ ಮದ್‌ಹಬ್ ಅದನ್ನು, ಮಾರುವವನಿಗೇ ತಿಳಿದಿರದ, ಪ್ರಾಣಿಯ ಒಳಗಿನ ಗುಪ್ತ ದೋಷಗಳಿಗೆ ಮಾತ್ರ ಸೀಮಿತಗೊಳಿಸುತ್ತದೆ. ಆದರೆ ತಿಳಿದೂ ತಿಳಿದೂ ದೋಷವನ್ನು ಅಡಗಿಸುವುದು ಪಾಪವೆಂಬುದರಲ್ಲಿ ವಿವಾದವಿಲ್ಲ. ಷರತ್ತು ಪಂಚಾಯಿತಿಯ ಕಟ್ಟೆಯ ಮೇಲೆ ನಿಮ್ಮನ್ನು ಉಳಿಸಬಹುದು. ಅಂತರಂಗವನ್ನು ಬಲ್ಲವನ ಮುಂದೆ ಅದು ಉಳಿಸದು.

ಹಾಗೆಂದು ಧರ್ಮವು ಅಸಾಧ್ಯವಾದುದನ್ನು ಕೇಳುವುದಿಲ್ಲ. ವ್ಯಾಪಾರಿಗಳ ರೂಢಿಯಲ್ಲಿ ಬೆಲೆಯನ್ನು ಇಳಿಸುವಂಥದ್ದೇ ದೋಷವೆಂದು ವಿದ್ವಾಂಸರು ವಿವರಿಸಿದ್ದಾರೆ. ಇಪ್ಪತ್ತು ವರ್ಷದ ವ್ಯಾನಿನ ಸೀಟು ಹರಿದಿದೆಯೆಂದು ಡಂಗುರ ಸಾರಬೇಕಾಗಿಲ್ಲ. ಅದು ಕಣ್ಣಿಗೇ ಕಾಣುತ್ತದೆ. ಆದರೆ ಎಂಜಿನ್ ಕಾಯುತ್ತದೆ, ಗೇರ್ ಹಾರುತ್ತದೆ, ಅಪಘಾತದಲ್ಲಿ ಚಾಸಿಗೆ ಪೆಟ್ಟಾಗಿದೆ ಎಂಬುದನ್ನು ಹೇಳಲೇಬೇಕು. ಬ್ರೇಕಿನ ವಿಷಯದಲ್ಲಂತೂ ಮೌನ ವಹಿಸುವವನು ಹಣದೊಂದಿಗಲ್ಲ, ಆ ವ್ಯಾನಿನಲ್ಲಿ ಕೂರಲಿರುವ ಮಕ್ಕಳ ಜೀವದೊಂದಿಗೆ ಆಟವಾಡುತ್ತಾನೆ.

ಮೋಸಹೋದವನು ಏನು ಮಾಡಬೇಕು?

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಇದು. ಒಬ್ಬನು ಒಂದು ಲಕ್ಷ ಕೊಟ್ಟು ವ್ಯಾನ್ ಕೊಂಡನೆಂದು ಭಾವಿಸಿ. ಅವನಿಗೆ ಯಾರೂ ದೋಷ ಹೇಳಲಿಲ್ಲ. ರಿಪೇರಿಗೆ ನಲವತ್ತು ಸಾವಿರ ಸುರಿದನು. ಗಾಡಿ ಇನ್ನೂ ನೆಟ್ಟಗಾಗಿಲ್ಲ. ಸತ್ಯ ಹೇಳಿ ಮಾರಿದರೆ ಐವತ್ತು ಸಾವಿರವೂ ಹುಟ್ಟದು. ಸುಮ್ಮನಿದ್ದರೆ ಲಕ್ಷ ಸಿಗಬಹುದು. ಮನೆಯಲ್ಲಿ ಮಕ್ಕಳಿದ್ದಾರೆ, ತಲೆಯ ಮೇಲೆ ಸಾಲವಿದೆ. ಅವನು ಕೇಳುತ್ತಾನೆ: "ನನಗೆ ಸತ್ಯ ಹೇಳುವವರು ಯಾರೂ ಇರಲಿಲ್ಲ, ನಾನೊಬ್ಬನೇ ಏಕೆ ಹೇಳಬೇಕು?"

ಈ ಸಹೋದರನನ್ನು ಬೈಯುವುದು ಸುಲಭ. ಆದರೆ ಅವನ ಸಂಕಟ ನಿಜವಾದುದು. ಸತ್ಯ ಹೇಳಿದರೆ ಹೆಚ್ಚು ಹಣ ಸಿಗುತ್ತದೆಂದು ಅವನಿಗೆ ಸಮಾಧಾನ ಹೇಳುವುದೂ ಸರಿಯಲ್ಲ. ಕಡಿಮೆಯೇ ಸಿಗುತ್ತದೆ. ಆದರೂ ಅವನು ಒಂದು ಲೆಕ್ಕವನ್ನು ಸರಿಯಾಗಿ ಮಾಡಬೇಕು. ಅವನ ಹಣ ಕಳೆದುಹೋದದ್ದು ಇಂದಲ್ಲ, ಆ ವ್ಯಾನನ್ನು ಕೊಂಡ ದಿನವೇ. ಮೌನದಿಂದ ಅವನು ಪಡೆಯುವ ಹೆಚ್ಚಿನ ಐವತ್ತು ಸಾವಿರ ಅವನ ಕಳೆದುಹೋದ ಹಣವಲ್ಲ. ಅದು ಇನ್ನೊಬ್ಬನ ಹಣ. ತನಗೆ ಮೋಸಮಾಡಿದವನ ಜೇಬಿನಲ್ಲಿರುವುದನ್ನು ಅವನು ಏನೂ ಅರಿಯದವನ ಜೇಬಿನಿಂದ ವಸೂಲಿ ಮಾಡುತ್ತಿದ್ದಾನೆ. ನಮ್ಮ ಮನೆಗೆ ಕನ್ನ ಬಿತ್ತೆಂದು ನಾವು ಪಕ್ಕದ ಮನೆಗೆ ಕನ್ನ ಹಾಕಬಹುದೇ? ಹಾನಿಯನ್ನು ಮಾಡಲೂಬಾರದು, ಹಾನಿಗೆ ಪ್ರತಿಯಾಗಿ ಹಾನಿಯನ್ನು ಹರಡಲೂಬಾರದು ಎಂಬುದು ಪ್ರವಾದಿವರ್ಯರು(ಸ) ಕಲಿಸಿದ ಮೂಲತತ್ವ.

ಇನ್ನೊಂದನ್ನೂ ಯೋಚಿಸಿ. ಮೋಸವು ಕೈಯಿಂದ ಕೈಗೆ ದಾಟುತ್ತಾ ಹೋದಂತೆ ಗಾಡಿಯ ಬೆಲೆ ಇಳಿಯುತ್ತದೆ. ಬೆಲೆ ಇಳಿದಂತೆ ಅದನ್ನು ಕೊಳ್ಳುವವನು ಹೆಚ್ಚು ಹೆಚ್ಚು ಬಡವನಾಗಿರುತ್ತಾನೆ. ಸರಪಳಿಯ ಕೊನೆಯಲ್ಲಿ ನಿಲ್ಲುವವನು ಎಲ್ಲರಿಗಿಂತ ದುರ್ಬಲನು. ಯಾರಾದರೊಬ್ಬರು ನಷ್ಟವನ್ನು ತಮ್ಮಲ್ಲೇ ತಡೆದು ನಿಲ್ಲಿಸದಿದ್ದರೆ ಅದು ಅವನ ತಲೆಯ ಮೇಲೆಯೇ ಬೀಳುತ್ತದೆ. ಕೊಳ್ಳುವವನೂ ಮಾರುವವನೂ ಸತ್ಯ ನುಡಿದು ದೋಷ ತಿಳಿಸಿದರೆ ಅವರ ವ್ಯವಹಾರದಲ್ಲಿ ಬರ್ಕತ್ ಇರುತ್ತದೆ, ಅಡಗಿಸಿ ಸುಳ್ಳಾಡಿದರೆ ಬರ್ಕತ್ ಅಳಿಸಿಹೋಗುತ್ತದೆ ಎಂಬ ಹದೀಸನ್ನು ಹಕೀಮ್ ಬಿನ್ ಹಿಝಾಮ್(ರ) ವರದಿ ಮಾಡಿದ್ದಾರೆ. ಬರ್ಕತ್ ಎಂಬುದು ನೋಟಿನ ಎಣಿಕೆಯಲ್ಲಿ ಕಾಣುವಂಥದ್ದಲ್ಲ.

ಮೋಸಹೋದವನಿಗೆ ನ್ಯಾಯಬದ್ಧ ಹಾದಿಯೂ ಇದೆ. ಕೊಳ್ಳುವ ಮೊದಲೇ ಇದ್ದ ದೋಷ ಪತ್ತೆಯಾದರೆ ಮಾರಿದವನಿಗೆ ವಸ್ತುವನ್ನು ಮರಳಿಸುವ ಹಕ್ಕನ್ನು ಶರೀಅತ್ ಕೊಟ್ಟಿದೆ. ದೋಷ ತಿಳಿದ ಮೇಲೂ ಅವನು ಸುಮ್ಮನೆ ಓಡಿಸುತ್ತಿದ್ದರೆ ಅದು ಒಪ್ಪಿಗೆಯೆಂದೇ ಎಣಿಸಲ್ಪಡುತ್ತದೆ. ಆದ್ದರಿಂದ ತಡಮಾಡದೆ ಮಾರಿದವನ ಬಳಿಗೆ, ಬೇಕಾದರೆ ಜಮಾಅತಿನ ಹಿರಿಯರ ಬಳಿಗೆ ಹೋಗಬೇಕು. ಜಮಾಅತಿಗೂ ಇಲ್ಲಿ ಹೊಣೆಯಿದೆ. ಸಾಲದಲ್ಲಿ ಮುಳುಗಿದವರು ಝಕಾತಿನ ಎಂಟು ಹಕ್ಕುದಾರ ವರ್ಗಗಳಲ್ಲಿ ಸೇರಿದ್ದಾರೆ. ಸತ್ಯ ಹೇಳಿ ನಷ್ಟಕ್ಕೊಳಗಾದವನಿಗೆ ಬಡ್ಡಿಯಿಲ್ಲದ ಸಾಲ ಕೊಡುವವರು ಊರಿನಲ್ಲಿ ಒಬ್ಬರೂ ಇಲ್ಲದಿದ್ದರೆ, ಸತ್ಯದ ಕುರಿತು ಅವನಿಗೆ ಪ್ರವಚನ ನೀಡುವ ನೈತಿಕ ಹಕ್ಕು ನಮಗೆಷ್ಟಿದೆ?

ಮೆಕ್ಯಾನಿಕ್, ದಲ್ಲಾಳಿ ಮತ್ತು ಕೊಳ್ಳುವವನು

ವಾಸಿಲಾ ಬಿನ್ ಅಸ್ಕಅ್(ರ) ಎಂಬ ಸಹಾಬಿಯ ಪ್ರಸಂಗವೊಂದು ಗ್ರಂಥಗಳಲ್ಲಿದೆ. ಅವರ ಮುಂದೆ ಒಂದು ಒಂಟೆ ಮಾರಾಟವಾಯಿತು. ಕೊಂಡವನು ಹೊರಟ ಮೇಲೆ ಅವರು ಹಿಂದೆಯೇ ಹೋಗಿ, ಇದನ್ನು ಮಾಂಸಕ್ಕಾಗಿ ಕೊಂಡೆಯಾ, ಸವಾರಿಗಾಗಿಯಾ ಎಂದು ವಿಚಾರಿಸಿದರು. ಸವಾರಿಗೆಂದು ತಿಳಿದಾಗ, ಅದರ ಪಾದದಲ್ಲಿ ತೂತಿದೆ, ದೂರ ನಡೆಯಲಾರದು ಎಂದು ತಿಳಿಸಿದರು. ಮಾರಿದವನು ಬೆಲೆ ತಗ್ಗಿಸಬೇಕಾಯಿತು. ನನ್ನ ವ್ಯಾಪಾರ ಕೆಡಿಸಿದಿರಿ ಎಂದು ಸಿಡುಕಿದನು. ಎಲ್ಲ ಮುಸ್ಲಿಮರ ಹಿತ ಬಯಸುತ್ತೇವೆಂದು ಪ್ರವಾದಿವರ್ಯರಿಗೆ(ಸ) ಮಾತು ಕೊಟ್ಟಿದ್ದೇವೆ ಎಂಬುದು ಅವರ ಉತ್ತರವಾಗಿತ್ತು. ಆ ಒಂಟೆ ಅವರದಾಗಿರಲಿಲ್ಲ, ಹಣವೂ ಅವರದಲ್ಲ. ಗಾಡಿಯ ಹೊಟ್ಟೆಯೊಳಗಿನದ್ದನ್ನೆಲ್ಲ ಬಲ್ಲ ಮೆಕ್ಯಾನಿಕರೂ ಕಮಿಷನ್ ಪಡೆಯುವ ದಲ್ಲಾಳಿಗಳೂ ಇದನ್ನು ನೆನಪಿಡಲಿ. ಒಳ್ಳೆಯ ಬಿಡಿಭಾಗವನ್ನು ಕೆಟ್ಟಿದೆಯೆಂದು ಹೇಳಿ ಬದಲಿಸುವ ಕೈಯೂ ಅಮಾನತನ್ನು ಮುರಿದ ಕೈಯೇ.

ಕೊಳ್ಳುವವನ ಕರ್ತವ್ಯವೂ ಚಿಕ್ಕದಲ್ಲ. ಒಂಟೆಯನ್ನು ಕಟ್ಟಿಹಾಕಿ ನಂತರ ಅಲ್ಲಾಹನ ಮೇಲೆ ಭರವಸೆಯಿಡುವುದೇ ತವಕ್ಕುಲ್. ಆದ್ದರಿಂದ ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಹೋಗಿ ನೋಡಿರಿ, ಮ್ಯಾಟ್ ಎತ್ತಿಸಿರಿ, ನಂಬಿಕೆಯ ಮೆಕ್ಯಾನಿಕನನ್ನು ಕರೆದೊಯ್ಯಿರಿ. ಅಂತೆಯೇ ಮಾರುವವನ ಕಷ್ಟವನ್ನು ಕಂಡು ಒಳ್ಳೆಯ ಗಾಡಿಯನ್ನು ಹೀಗಳೆದು ಬೆಲೆ ಬೀಳಿಸಬೇಡಿ. ತಾವೇ ನೀರು ಹಾಕದೆ ಎಂಜಿನ್ ಸುಟ್ಟು, ಮಾರಿದವನನ್ನು ದೂರಬೇಡಿ. ಆರ್‌ಸಿಯನ್ನು ಹಳೆಯ ಮಾಲಿಕನ ಹೆಸರಿನಲ್ಲೇ ಬಿಟ್ಟು ಓಡಿಸುವುದೂ ಅನ್ಯಾಯ. ಇಂಥ ವಾಹನ ಅಪಘಾತ ಮಾಡಿದರೆ ದಾಖಲೆಯಲ್ಲಿ ಹೆಸರಿರುವವನೇ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ನೀಡಿದೆ.

ಕೊನೆಯದಾಗಿ, ಕೊಳ್ಳುವವನು ಮುಸ್ಲಿಮನಲ್ಲವೆಂಬ ಕಾರಣದಿಂದ ಈ ನಿಯಮ ಸಡಿಲವಾಗುವುದಿಲ್ಲ. ಅಳತೆಯಲ್ಲಿ ವಂಚಿಸುವವರ ವಿನಾಶವನ್ನು ಸಾರುವ ಅಲ್ ಮುತಫ್ಫಿಫೀನ್ ಅಧ್ಯಾಯವು ಮತ ಯಾವುದೆಂದು ನೋಡದೆ ಜನರೆಲ್ಲರ ಹಕ್ಕಿನ ಕುರಿತು ಮಾತನಾಡುತ್ತದೆ. ನೆರೆಯ ಹಿಂದೂ ಅಥವಾ ಕ್ರೈಸ್ತ ಸಹೋದರನಿಗೆ ನೀವು ಮಾರುವ ವ್ಯಾನ್ ಅವನು ಓದುವ ನಿಮ್ಮ ಧರ್ಮದ ಪುಸ್ತಕವೂ ಆಗಿರುತ್ತದೆ.

ಕೇಳದಿದ್ದರೆ ಹೇಳಬೇಕಾಗಿಲ್ಲವೇ? ಕೊಳ್ಳುವವನು ಕೇಳದೆ ಇರಬಹುದು. ಅವನಿಗೆ ಏನು ಕೇಳಬೇಕೆಂದೇ ತಿಳಿದಿರಲಿಕ್ಕಿಲ್ಲ. ಆದರೆ ಒಂದು ದಿನ ನಮ್ಮೆಲ್ಲರನ್ನೂ ಕೇಳಲಾಗುವುದು. ಅಂದು ಕೇಳುವವನಿಗೆ ಯಾವುದೂ ತಿಳಿಯದೆ ಇರದು. ನಮ್ಮ ಸಂಪಾದನೆಯಲ್ಲಿ ಸತ್ಯವನ್ನೂ, ಸತ್ಯದಿಂದ ಬರುವ ನಷ್ಟವನ್ನು ಸಹಿಸುವ ಶಕ್ತಿಯನ್ನೂ ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.