ಬರಕೊಂಡು ಹೋದೋರು

ಒಂದು ಬೇಸಿಗೆಯಲ್ಲಿ ನಾವು ಮೂವರು ಗೆಳೆಯರು ಹೊಲಗೇರಿ ಮಾದಿಗೇರಿಗಳನ್ನು ಸುತ್ತಿದೆವು. ಕೈಯಲ್ಲಿ ವಿಭಾಗದವರು ಕೊಟ್ಟ ಪ್ರಶ್ನಾವಳಿ. ಅದರಲ್ಲಿ 48 ಪ್ರಶ್ನೆಗಳು. ಮನೆ ಹಂಚಿನದೋ ಗುಡಿಸಲೋ, ಜಮೀನು ಇದೆಯೋ ಇಲ್ಲವೋ, ವರ್ಷದ ಆದಾಯ ಎಷ್ಟು, ಕುಡಿಯುವ ಚಟ ಉಂಟೋ ಹೇಗೆ, ಹೀಗೆ. ನಾವು ಮೂವರೂ ಇಂಥ ಕೇರಿಗಳಲ್ಲೇ ಹುಟ್ಟಿದವರು. ಆದರೂ ಹೆಗಲಿಗೆ ಚೀಲ, ಕಿಸೆಯಲ್ಲಿ ಪೆನ್ನು ಸಿಕ್ಕಿಸಿಕೊಂಡು ಹೋದಾಗ ಕೇರಿಯ ಜನ ಎದ್ದು ನಿಂತರು. ಸರ್ಕಾರದಿಂದ ಏನೋ ಕೊಡುತ್ತಾರೆ ಎಂದುಕೊಂಡರು. ಅವರು ಎದ್ದು ನಿಂತಾಗ ನಮಗೆ ನಾಚಿಕೆಯಾಯಿತು. ನಿಜ ಹೇಳಬೇಕೆಂದರೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು. ಈ ಹೆಮ್ಮೆಯ ವಿಚಾರವನ್ನು ನಾವು ಮುಚ್ಚಿಡಬಾರದು.

ಪ್ರಶ್ನಾವಳಿಯ ನಡುವೆ ಒಂದು ಪ್ರಶ್ನೆಯಿತ್ತು. ಸತ್ತ ದನದ ಮಾಂಸ ತಿನ್ನುವ ರೂಢಿ ನಿಮ್ಮ ಮನೆಯಲ್ಲಿ ಇದೆಯೇ? ಜಗುಲಿಯ ಮೇಲೆ ಕೂತಿದ್ದ ಅಜ್ಜಿಯೊಬ್ಬಳಿಗೆ ನಮ್ಮ ಗೆಳೆಯ ತಲೆ ತಗ್ಗಿಸಿಕೊಂಡೇ ಈ ಪ್ರಶ್ನೆ ಕೇಳಿದ. ಅಜ್ಜಿ ಅವನ ಮುಖ ನೋಡಿದಳು. 'ನೀನು ಯಾರ ಪೈಕಿ ಮಗಾ?' ಅಂದಳು. ಅವನು ಹೇಳಿದ. 'ಹಂಗಾದ್ರೆ ಇದ್ನ ನನ್ ಯಾಕ್ ಕೇಳೀಯೆ? ನಿಮ್ಮವ್ವ ನಿಂಗೆ ಹೇಳಿಲ್ವಾ?'

ನಾವು ಮೂವರೂ ಸುಮ್ಮನಾದೆವು. ಅಜ್ಜಿ ಎಲೆಯಡಿಕೆ ಉಗಿದು ಮತ್ತೆ ಹೇಳಿದಳು: 'ನಿಮ್ಗಿಂತ ಮುಂಚೇನೂ ಬಂದಿದ್ರು. ಬರಕೊಂಡು ಹೋದೋರು ಯಾರೂ ತಿರುಗಾ ಬರ್ನಿಲ್ಲ.'

ಈ ಮಾತು ನಮ್ಮನ್ನು ಬಹಳ ದಿನ ಕಾಡಿತು. ಕೇಳುವವರು ಯಾರು, ಹೇಳುವವರು ಯಾರು? ಒಬ್ಬನ ಬದುಕನ್ನು ಇನ್ನೊಬ್ಬ ಬರೆದುಕೊಂಡು ಹೋಗುವುದಕ್ಕೆ ಹಕ್ಕು ಕೊಟ್ಟವರು ಯಾರು? ಸಾಮಾಜಿಕ ನ್ಯಾಯವೆಂದರೆ ಸೀಟು, ನೌಕರಿ, ಜಮೀನು ಮಾತ್ರವೋ, ಅಥವಾ ತಿಳಿವಳಿಕೆಯಲ್ಲೂ ನ್ಯಾಯ ಅನ್ಯಾಯ ಉಂಟೋ? ಈ ಪ್ರಶ್ನೆಗಳನ್ನು ನಮ್ಮಂಥ ವಿದ್ಯಾರ್ಥಿಗಳು ಕೇಳಿಕೊಳ್ಳದೆ ಸಂಶೋಧನೆಗೆ ಇಳಿಯುವುದು ತಪ್ಪು ಎಂದು ನಮಗೆ ಅನ್ನಿಸಿದೆ.

ನಮ್ಮನ್ನು ಬರೆದುಕೊಂಡು ಹೋದವರ ಸಾಲು ದೊಡ್ಡದು. 1901ರ ಜನಗಣತಿಯ ಮುಖ್ಯಸ್ಥನಾಗಿದ್ದ ರಿಸ್ಲೆ ಎಂಬ ಬ್ರಿಟಿಷ್ ಅಧಿಕಾರಿ ಜನರ ಮೂಗು ಅಳೆಸಿದವನು. ಮೂಗು ಅಗಲವಾದಷ್ಟೂ ಜಾತಿ ಕೀಳು ಎಂಬುದು ಅವನ ಸಿದ್ಧಾಂತ. ಮದರಾಸಿನ ವಸ್ತುಸಂಗ್ರಹಾಲಯದ ಥರ್ಸ್ಟನ್ ಕೂಡ ಅಳತೆಯ ಸಲಕರಣೆ ಹಿಡಿದು ಊರೂರು ತಿರುಗಿ, 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಮೇಲೆ ಏಳು ಸಂಪುಟ ತಂದ. ಸ್ವಾತಂತ್ರ್ಯ ಬಂದ ಮೇಲೆ ಅಳತೆಪಟ್ಟಿ ಹೋಯಿತು, ಸ್ನೇಹದ ಮಾತು ಬಂತು. 1948ರಲ್ಲಿ ಎಂ. ಎನ್. ಶ್ರೀನಿವಾಸರು ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ನಿಂತು ಅಧ್ಯಯನ ಮಾಡಿದರು. ಅದಕ್ಕೆ ರಾಂಪುರ ಎಂದು ಹೆಸರಿಟ್ಟು 1976ರಲ್ಲಿ ಪುಸ್ತಕ ಬರೆದರು. ಪ್ರೀತಿಯಿಂದ ಬರೆದ ಪುಸ್ತಕ ಅದು, ಸಂದೇಹವಿಲ್ಲ. ಆದರೆ ಅವರು ಇಳಿದುಕೊಂಡದ್ದು ಊರಿನ ಪಟೇಲರ ಎತ್ತಿನ ಮನೆಯಲ್ಲಿ. ಎತ್ತಿನ ಮನೆಯ ಜಗುಲಿಯಿಂದ ಊರು ಕಾಣುವ ರೀತಿ ಒಂದು. ಕೇರಿಯ ಜಗುಲಿಯಿಂದ ಕಾಣುವ ರೀತಿ ಇನ್ನೊಂದು. ವಿದ್ವಾಂಸ ಎಷ್ಟೇ ಒಳ್ಳೆಯವನಾಗಿರಲಿ, ಅವನು ಯಾರ ಮನೆಯಲ್ಲಿ ಉಂಡ, ಯಾರ ಮನೆಯಲ್ಲಿ ಮಲಗಿದ ಎಂಬುದು ಅವನ ಪುಸ್ತಕದೊಳಗೆ ಬಂದೇ ಬರುತ್ತದೆ.

ನಮ್ಮ ವಿಭಾಗದ ಹಿರಿಯರೊಬ್ಬರ ಮುಂದೆ ಇದನ್ನೆಲ್ಲ ಹೇಳಿಕೊಂಡೆವು. ಅವರು ನಕ್ಕು, 'ನೀವು ಭಾವುಕರಾಗ್ತಿದ್ದೀರಿ. ಸಂಶೋಧನೆಗೆ ವಸ್ತುನಿಷ್ಠತೆ ಬೇಕ್ರಪ್ಪ. ನಿಮ್ಮ ಅನುಭವವನ್ನ ಬಾಗಿಲಾಚೆ ಬಿಟ್ಟು ಬನ್ನಿ' ಅಂದರು. ಬಾಗಿಲಾಚೆ ನಿಲ್ಲುವುದು ನಮಗೇನೂ ಹೊಸದಲ್ಲ, ನಮ್ಮ ಅಪ್ಪ ತಾತಂದಿರು ಅಲ್ಲೇ ನಿಂತಿದ್ದವರು. ಆದರೆ ಅವರ ಅನುಭವ ಮಾತ್ರ ಒಳಗೇ ಕೂತಿರುತ್ತದೆ, ಅದನ್ನು ಯಾರೂ ಅನುಭವ ಎಂದು ಕರೆಯುವುದಿಲ್ಲ, ಶಾಸ್ತ್ರ ಎಂದು ಕರೆಯುತ್ತಾರೆ. ಈ ಮೋಸ ನಮಗೆ ಅರ್ಥವಾಗಿದೆ.

ಸಿಟ್ಟಿನಲ್ಲಿ ನಾವು ಇನ್ನೊಂದು ತುದಿಗೆ ಹೋದೆವು. ಪ್ರಶ್ನಾವಳಿ ಹರಿದು ಹಾಕೋಣ, ನೋವು ಉಂಡವನ ಮಾತೇ ಸತ್ಯ, ಅದಕ್ಕೆ ಬೇರೆ ಪುರಾವೆ ಯಾಕೆ ಬೇಕು ಎಂದು ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ಕೂಗಾಡಿದೆವು. ಬೆಳಿಗ್ಗೆ ಎದ್ದು ಯೋಚಿಸಿದಾಗ ಇದೂ ಸುಲಭದ ದಾರಿ ಅನ್ನಿಸಿತು. ನೋವು ನಮಗೆ ಪ್ರಶ್ನೆ ಹುಟ್ಟಿಸುತ್ತದೆ. ಉತ್ತರವನ್ನು ದುಡಿದೇ ಪಡೆಯಬೇಕು.

ಇದನ್ನು ನಮಗೆ ಕಲಿಸಿದವರು ಬಾಬಾಸಾಹೇಬರು. 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಅವರು ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದಾಗ ಅವರಿಗೆ 25 ವರ್ಷ. ನಮ್ಮ ಹಾಗೇ ವಿದ್ಯಾರ್ಥಿ. ಸಾತಾರದ ಶಾಲೆಯಲ್ಲಿ ತಾನು ಗೋಣಿತಟ್ಟಿನ ಮೇಲೆ ಕೂತದ್ದನ್ನು ಅವರು ಅಲ್ಲಿ ಹೇಳಲಿಲ್ಲ. ಜಾತಿಯ ಬಗ್ಗೆ ದೊಡ್ಡವರು ಕೊಟ್ಟಿದ್ದ ವ್ಯಾಖ್ಯೆಗಳನ್ನು, ರಿಸ್ಲೆಯದನ್ನೂ ಸೇರಿಸಿ, ಒಂದೊಂದಾಗಿ ಬಿಡಿಸಿ ನೋಡಿದರು. ತನ್ನ ಗುಂಪಿನೊಳಗೇ ಮದುವೆ ಎಂಬ ಕಟ್ಟಳೆ ಜಾತಿಯ ತಿರುಳು ಎಂದು ತೋರಿಸಿದರು. ಆ ಕಟ್ಟಳೆ ಉಳಿಯಬೇಕಾದರೆ ಗಂಡ ಸತ್ತ ಹೆಣ್ಣನ್ನು ಸುಡಬೇಕು, ಇಲ್ಲವೆ ಬೋಳಿಸಿ ಮೂಲೆಗೆ ಕೂರಿಸಬೇಕು, ಹೆಣ್ಣುಮಗುವಿಗೆ ಮದುವೆ ಮಾಡಬೇಕು. ಜಾತಿಯ ಬೇಲಿ ಹೆಣ್ಣಿನ ಮೈಮೇಲೆ ನಿಂತಿದೆ ಎಂಬುದು ಆ ಪ್ರಬಂಧದ ಕಾಣ್ಕೆ. ನೋವಿನ ಮಾತಿಲ್ಲದೆಯೇ ನೋವಿನ ಬುಡಕ್ಕೆ ಕೈ ಹಾಕಿದ್ದರು.

32 ವರ್ಷದ ಮೇಲೆ, 1948ರಲ್ಲಿ, ಅಸ್ಪೃಶ್ಯರ ಮೂಲದ ಮೇಲೆ ಪುಸ್ತಕ ಬರೆದಾಗ ಅವರು ಇನ್ನೂ ದೊಡ್ಡ ಕೆಲಸ ಮಾಡಿದರು. ಅಸ್ಪೃಶ್ಯರು ಬೇರೆ ಜನಾಂಗ ಎಂದು ವಾದಿಸುವವರ ಕೈಯಲ್ಲಿದ್ದ ಅದೇ ಮೂಗಿನ ಅಳತೆಗಳನ್ನು ಕೈಗೆತ್ತಿಕೊಂಡರು. ಈ ಅಳತೆ ಶಾಸ್ತ್ರವೇ ಆದರೆ ಬ್ರಾಹ್ಮಣನೂ ಅಸ್ಪೃಶ್ಯನೂ ಒಂದೇ ಜನಾಂಗ ಎಂದು ಅವೇ ಅಂಕಿಗಳಿಂದ ತೋರಿಸಿಕೊಟ್ಟರು. ನಮ್ಮ ಅಜ್ಜ ಅಜ್ಜಿಯರನ್ನು ಅವಮಾನಿಸಲು ಹಿಡಿದ ಅಳತೆಪಟ್ಟಿಯನ್ನು ಅವರು ಎಸೆಯಲಿಲ್ಲ. ಕಿತ್ತುಕೊಂಡು, ಸರಿಯಾಗಿ ಓದಿ, ತಿರುಗಿಸಿ ಹಿಡಿದರು. ವಿಧಾನವನ್ನು ಕಲಿಯುವುದೆಂದರೆ ಇದು. ಕಲಿಯದವನಿಗೆ ಬೈಯಲು ಬರುತ್ತದೆ, ಸೋಲಿಸಲು ಬರುವುದಿಲ್ಲ.

ಇದೇನು ಅವರಿಂದಲೇ ಶುರುವಾದದ್ದಲ್ಲ. ಜೋತಿಬಾ ಫುಲೆ 1873ರಲ್ಲಿ ಕಟ್ಟಿದ ಸಂಘದ ಹೆಸರೇ ಸತ್ಯಶೋಧಕ ಸಮಾಜ. ಶೋಧನೆ ಎಂಬ ಮಾತು ಪದವಿಗೆ ಅಂಟಿಕೊಳ್ಳುವ ಮೊದಲೇ ಶೂದ್ರರ, ಅತಿಶೂದ್ರರ ಚಳವಳಿಗೆ ಅಂಟಿಕೊಂಡಿತ್ತು. ಅದಕ್ಕೂ ಮೊದಲು, 1855ರಲ್ಲಿ, ಫುಲೆ ದಂಪತಿಗಳ ಶಾಲೆಯಲ್ಲಿ ಕಲಿತ ಮಾಂಗ್ ಜಾತಿಯ ಹುಡುಗಿ ಮುಕ್ತಾ ಸಾಳ್ವೆ, ಮಾಂಗ್ ಮಹಾರರ ದುಃಖದ ಮೇಲೆ ಮರಾಠಿಯಲ್ಲಿ ಪ್ರಬಂಧ ಬರೆದು ಪತ್ರಿಕೆಯಲ್ಲಿ ಅಚ್ಚಾಗಿತ್ತು. ವೇದ ಓದುವ ಹಕ್ಕು ನಮಗಿಲ್ಲವಾದರೆ ನಮ್ಮ ಧರ್ಮ ಯಾವುದು ಎಂಬ ಅರ್ಥದ ಪ್ರಶ್ನೆಯನ್ನು ಆ ಎಳೆಯ ವಿದ್ಯಾರ್ಥಿನಿ ಎತ್ತಿದಳು. ಪದವಿಯಿಲ್ಲ, ಗ್ರಂಥಾಲಯವಿಲ್ಲ. ಪ್ರಶ್ನೆ ಇತ್ತು, ಅದನ್ನು ಬರೆಯುವ ಅಕ್ಷರ ಇತ್ತು.

ಪುರಾವೆಯ ಬಲ ಎಂಥದು ಎನ್ನುವುದಕ್ಕೆ ಹತ್ತಿರದ ಒಂದು ಉದಾಹರಣೆ ಕೊಡುತ್ತೇವೆ. ಖಾಸಗಿ ಕಂಪನಿಗಳು ಜಾತಿ ನೋಡುವುದಿಲ್ಲ, ಪ್ರತಿಭೆ ನೋಡುತ್ತವೆ ಎಂದು ನಮ್ಮ ಮುಖಕ್ಕೇ ಹೇಳುವವರಿದ್ದಾರೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಒಂದು ಕೆಲಸ ಮಾಡಿದರು. ಪತ್ರಿಕೆಯ ಜಾಹೀರಾತುಗಳಿಗೆ ಸರಿಸಮ ಓದು, ಸರಿಸಮ ಅರ್ಹತೆ ತೋರಿಸುವ ಅರ್ಜಿಗಳನ್ನು ಕಳಿಸಿದರು. ಬೇರೆಯಾಗಿದ್ದದ್ದು ಹೆಸರು ಮಾತ್ರ. 2007ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೇಲ್ಜಾತಿ ಹೆಸರಿಗೆ ಸಂದರ್ಶನದ ಕರೆ ಬರುವ ಸಾಧ್ಯತೆಯನ್ನು ಒಂದು ಎಂದಿಟ್ಟರೆ ದಲಿತ ಹೆಸರಿಗೆ 0.67, ಮುಸ್ಲಿಂ ಹೆಸರಿಗೆ 0.33. 'ನನಗೆ ಕೆಲಸ ಕೊಡಲಿಲ್ಲ' ಎಂದು ಕೇರಿಯ ಹುಡುಗ ಅತ್ತರೆ 'ನೀನು ಸರಿಯಾಗಿ ಓದಿಲ್ಲ' ಅನ್ನಬಹುದು. ಈ ಅಂಕಿಗೆ ಏನನ್ನುತ್ತಾರೆ?

ಇಲ್ಲಿಗೆ ನಮ್ಮ ಕತೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ನಮ್ಮ ಅನುಭವ ಎನ್ನುವಾಗ 'ನಾವು' ಎಂದರೆ ಯಾರು? ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ 101 ಜಾತಿಗಳಿವೆ. ಆದಿ ಕರ್ನಾಟಕ, ಆದಿ ದ್ರಾವಿಡ ಎಂಬ ಹೆಸರಿನಡಿ ಯಾರು ಹೊಲೆಯರು ಯಾರು ಮಾದಿಗರು ಎಂಬುದೇ ಕಾಗದದಲ್ಲಿ ಕಾಣದೆ ಹೋಗಿತ್ತು. ಒಳಮೀಸಲಾತಿಗಾಗಿ ಮಾದಿಗ ಬಂಧುಗಳು ಎಷ್ಟು ವರ್ಷ ಬೀದಿಯಲ್ಲಿ ನಿಂತರು! 2005ರಲ್ಲಿ ನೇಮಕವಾದ ಸದಾಶಿವ ಆಯೋಗ ವರದಿ ಕೊಟ್ಟದ್ದು 2012ರಲ್ಲಿ. ಒಳವರ್ಗೀಕರಣಕ್ಕೆ ಸುಪ್ರೀಂ ಕೋರ್ಟು ಒಪ್ಪಿದ್ದು 2024ರ ಆಗಸ್ಟ್ 1ರಂದು. ಆಮೇಲೆ 2025ರಲ್ಲಿ ನಾಗಮೋಹನ ದಾಸ್ ಆಯೋಗ ಮನೆಮನೆಗೆ ಹೋಗಿ ಎಣಿಸಬೇಕಾಯಿತು. ದಲಿತರೆಲ್ಲ ಒಂದೇ ಎಂದು ಸಭೆಯಲ್ಲಿ ಹೇಳುವ ನಾವು, ಚಪ್ಪಲಿ ಹೊಲಿಯುವವನ ಮಗ, ಮಲದ ಗುಂಡಿಗೆ ಇಳಿಯುವವನ ಮಗಳು, ಊರೂರು ಅಲೆಯುವ ಅಲೆಮಾರಿಯ ಕೂಸು ನಮ್ಮ ಪಕ್ಕದ ಬೆಂಚಿನಲ್ಲಿ ಇದ್ದಾರೆಯೇ ಎಂದು ನೋಡಿದ್ದೇವೆಯೇ? ನಮ್ಮ ಮೂವರಲ್ಲಿ ಹೆಣ್ಣುಮಗಳು ಒಬ್ಬಳೂ ಇರಲಿಲ್ಲ. ತುಂಬಿಸಿ ತಂದ ಹಾಳೆಗಳನ್ನು ಎಣಿಸಿ ನೋಡಿದರೆ ಮುಕ್ಕಾಲು ಪಾಲು ಉತ್ತರ ಹೇಳಿದವರು ಗಂಡಸರು. ಹೆಂಗಸರು ಕೂಲಿಗೆ ಹೋಗಿದ್ದರು. ನಾವು ಸಂಜೆಯವರೆಗೆ ಕಾಯಲಿಲ್ಲ, ನಮಗೆ ಬಸ್ಸಿತ್ತು. ಪಟೇಲರ ಎತ್ತಿನ ಮನೆಯ ಬಗ್ಗೆ ಅಷ್ಟು ಮಾತಾಡಿದ ನಾವೂ ಒಂದು ಎತ್ತಿನ ಮನೆಯಲ್ಲಿ ಕೂತಿದ್ದೇವೆ ಎಂಬುದು ಆಗ ಹೊಳೆಯಿತು.

ಇನ್ನೊಂದು ಮಾತು ಇದಕ್ಕಿಂತ ಕಠಿಣವಾದದ್ದು. ಹೇಳುವವನಿಗೆ ಹೇಳಿದ ಮೇಲೆ ಏನಾಗುತ್ತದೆ? 2000ದ ಮಾರ್ಚ್ 11ರ ರಾತ್ರಿ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. 2006ರಲ್ಲಿ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಕಾರಣ, ಸಾಕ್ಷಿಗಳು ತಿರುಗಿಬಿದ್ದಿದ್ದರು. ಏಳು ಹೆಣ ಬಿದ್ದದ್ದು ಸುಳ್ಳೇ? ಕಾನೂನಿನ ಪುಸ್ತಕದಲ್ಲಿ ಅವರನ್ನು ಯಾರೂ ಕೊಂದಿಲ್ಲ. ಆ ಸಾಕ್ಷಿಗಳನ್ನು ಬೈಯುವುದಕ್ಕೆ ನಮಗೆ ಬಾಯಿ ಬರುವುದಿಲ್ಲ. ಸತ್ಯ ಹೇಳಿದವನು ಸಂಜೆ ಅದೇ ಊರಿಗೆ ಹೋಗಿ ಅದೇ ಗೌಡನ ಹೊಲದಲ್ಲಿ ಕೂಲಿ ಮಾಡಬೇಕಾಗಿರುವ ತನಕ, ಸತ್ಯದ ಬೆಲೆಯನ್ನು ಅವನೊಬ್ಬನೇ ತೆರುತ್ತಾನೆ. ಕೇಳಿದವರು ಬಸ್ಸು ಹತ್ತುತ್ತಾರೆ. ಹಾಗಾದರೆ ಕೇಳುವವನ ಧರ್ಮ ಏನು? ಹೇಳಿದವನಿಗೆ ಕೇಡಾಗದ ಹಾಗೆ ಬರೆಯುವುದು, ಬರೆದದ್ದನ್ನು ಅವನ ಮುಂದೆ ಇಡುವುದು, ಅವನು ಬೇಡವೆಂದರೆ ಹೊಡೆದು ಹಾಕುವುದು. ಯಾವ ತರಗತಿಯಲ್ಲೂ ನಮಗೆ ಇದನ್ನು ಹೇಳಿಕೊಟ್ಟಿರಲಿಲ್ಲ.

ಕೇಳುವ ಜಾಗಕ್ಕೆ ನಮ್ಮವರು ಹೋಗಿ ಕೂತಾಗಲೂ ಬೆಲೆ ತೆರಬೇಕಾಗುತ್ತದೆ. ಹೈದರಾಬಾದಿನಲ್ಲಿ ರೋಹಿತ್ ವೇಮುಲ ಸಂಶೋಧನಾ ವಿದ್ಯಾರ್ಥಿಯಾಗಿದ್ದವನು. ಫೆಲೋಶಿಪ್ ನಿಂತು, ಹಾಸ್ಟೆಲಿನಿಂದ ಹೊರಗಾಗಿ, 2016ರ ಜನವರಿ 17ರಂದು ಜೀವ ಬಿಟ್ಟ. ಹೊಟ್ಟೆಗೂ ಸೂರಿಗೂ ಇನ್ನೊಬ್ಬರ ಸಹಿಗಾಗಿ ಕಾಯುವವನ ಹತ್ತಿರ ವಸ್ತುನಿಷ್ಠತೆಯ ಪಾಠ ಹೇಳುವವರು ಇದನ್ನು ನೆನಪಿಡಬೇಕು.

ಕೊನೆಗೆ ನಾವು ಮಾಡಿದ್ದು ಇಷ್ಟೆ. ಮಳೆ ಹಿಡಿದ ಮೇಲೆ ಒಂದು ಭಾನುವಾರ ನಮ್ಮ ಹಾಳೆಗಳನ್ನು ತೆಗೆದುಕೊಂಡು ಅದೇ ಕೇರಿಗೆ ಹೋದೆವು. ಅಜ್ಜಿ ಇದ್ದಳು. 'ಬಂದ್ರಾ!' ಅಂದಳು, ಅಷ್ಟೆ. ನಾವು ಬರೆದದ್ದನ್ನು ಓದಿ ಹೇಳಿದೆವು. ಜಮೀನು: ಇಲ್ಲ ಎಂದು ಓದಿದಾಗ ಅಜ್ಜಿ ತಡೆದಳು. 'ಇಲ್ಲ ಅಂತ ಯಾರಂದೋರು? ಇತ್ತು. ಎರಡೆಕ್ರೆ. ನಮ್ಮ ಮಾವಂಗೆ ಸರ್ಕಾರ ಕೊಟ್ಟಿದ್ದು. ಮದ್ವೆ ಸಾಲಕ್ಕೆ ಗೌಡ ಹೆಬ್ಬೆಟ್ಟು ಒತ್ತಿಸ್ಕೊಂಡ.' ನಮ್ಮ ಪ್ರಶ್ನಾವಳಿಯಲ್ಲಿ 'ಇದೆ', 'ಇಲ್ಲ' ಎಂಬ ಎರಡೇ ಮನೆಗಳಿದ್ದವು. 'ಇತ್ತು' ಎನ್ನುವುದಕ್ಕೆ ಜಾಗವಿರಲಿಲ್ಲ. ನಮ್ಮವರ ಚರಿತ್ರೆಯೆಲ್ಲ ಆ ಇಲ್ಲದ ಮನೆಯಲ್ಲಿತ್ತು. ಹೀಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ, ಮಾಡಿದ್ದರೆ ವಾಪಸು ಕೇಳಬಹುದು ಎಂದು 1978ರ ಪಿ.ಟಿ.ಸಿ.ಎಲ್. ಕಾಯಿದೆ ಹೇಳುತ್ತದೆ. ತಡವಾಗಿ ಬಂದಿರಿ ಎಂದು ಅರ್ಜಿಗಳನ್ನು ತಳ್ಳಿಹಾಕುತ್ತಿದ್ದುದರಿಂದ 2023ರಲ್ಲಿ ತಿದ್ದುಪಡಿಯಾಗಿ ಕಾಲಮಿತಿಯ ಅಡ್ಡಿಯನ್ನು ತೆಗೆದಿದ್ದಾರೆ. ಅಜ್ಜಿಗೆ ಇದು ಗೊತ್ತಿರಲಿಲ್ಲ. ನಮಗೆ ಗೊತ್ತಿತ್ತು, ಆದರೆ ಕೇಳಿರಲಿಲ್ಲ.

ಈಗ ನಮ್ಮ ಗೆಳೆಯ ಅಜ್ಜಿಯ ಮೊಮ್ಮಗನ ಜೊತೆ ತಾಲ್ಲೂಕು ಕಚೇರಿಗೆ ತಿರುಗುತ್ತಿದ್ದಾನೆ. ಮಂಜೂರಾತಿಯ ಹಳೆಯ ಕಾಗದ, ಪಹಣಿ ಹುಡುಕುತ್ತಿದ್ದಾರೆ. ಜಮೀನು ಬರುತ್ತದೋ ಇಲ್ಲವೋ ನಾವು ಹೇಳಲಾರೆವು. ಪ್ರಬಂಧ ಒಪ್ಪಿಸುವ ದಿನವೂ ಮೀರುತ್ತಿದೆ. ಆದರೆ ಆ ಕಡತಗಳ ದೂಳಿನಲ್ಲಿ ಕೂತು ಸರ್ವೆ ನಂಬರು ಹುಡುಕುವುದೇ ಸಂಶೋಧನೆ ಎಂದು ಅವನು ಹೇಳುತ್ತಾನೆ. ನಾವೂ ಹಾಗೇ ಅಂದುಕೊಂಡಿದ್ದೇವೆ.

ಓದುತ್ತಿರುವ ನಮ್ಮ ತಮ್ಮಂದಿರೇ, ತಂಗಿಯರೇ, ವಿಧಾನವನ್ನು ಕಲಿಯಿರಿ, ಚೆನ್ನಾಗಿ ಕಲಿಯಿರಿ, ಯಾರೂ ಬೆರಳು ತೋರಿಸದ ಹಾಗೆ ಕಲಿಯಿರಿ. ಆಮೇಲೆ ಪ್ರಶ್ನಾವಳಿಯನ್ನು ನೀವೇ ಬರೆಯಿರಿ. ಸಂಜೆ ಕೂಲಿ ಮುಗಿಸಿ ಬರುವ ತಾಯಂದಿರು ಮನೆ ಸೇರುವ ತನಕ ಕಾಯಿರಿ. ಬರೆದುಕೊಂಡ ಮೇಲೆ ತಿರುಗಿ ಹೋಗಿ.