ಖಾಲಿ ಕಾಣುವ ದಾರಿ

2019ರ ಕೊನೆಯಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ, ಎಡಬದಿಯ ಒಂದು ಪಥವನ್ನು ಬಸ್ಸುಗಳಿಗೆಂದು ಬಿಟ್ಟರು. ಉದ್ದಕ್ಕೂ ಗೂಟ ನೆಟ್ಟು, ಆಂಬುಲೆನ್ಸ್‌ನಂಥ ತುರ್ತು ವಾಹನಗಳನ್ನು ಬಿಟ್ಟರೆ ಬೇರೆ ಯಾವುದೂ ಒಳಗೆ ಬರಬಾರದು ಎಂದರು. ಒಂದು ಸಂಜೆ ಇಬ್ಬಲೂರಿನ ಹತ್ತಿರ ಗೆಳೆಯನ ಕಾರಿನಲ್ಲಿ ಕೂತಿದ್ದೆ. ಕಾರು ನಿಂತಲ್ಲೇ ನಿಂತಿತ್ತು. ಅವನು ಗೂಟಗಳಾಚೆ ಕೈ ತೋರಿಸಿ, "ನೋಡು, ಅಷ್ಟು ಜಾಗ ಸುಮ್ಮನೆ ಖಾಲಿ ಬಿದ್ದಿದೆ, ನಾವಿಲ್ಲಿ ಒದ್ದಾಡ್ತಿದೀವಿ" ಅಂದ. ಅವನ ಸಂಕಟ ನಿಜವಾದದ್ದೇ. ಆದರೆ ಆ 'ಖಾಲಿ' ಎಂಬ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಒಂದು ಲೆಕ್ಕ ಹಾಕೋಣ. ನಿಮಿಷಕ್ಕೊಂದು ಬಸ್ಸು, ಬಸ್ಸಿಗೆ 60 ಜನ ಎಂದಿಟ್ಟುಕೊಂಡರೆ ಆ ಪಥದಲ್ಲಿ ಗಂಟೆಗೆ 3,600 ಜನ ದಾಟುತ್ತಾರೆ. ನಾವು ನಿಂತು ನೋಡುವ ಜಾಗವನ್ನು ಬಸ್ಸು ಎರಡು ಮೂರು ಸೆಕೆಂಡಿನಲ್ಲಿ ದಾಟಿ ಹೋಗುತ್ತದೆ, ನಿಮಿಷದ ಉಳಿದ ಹೊತ್ತೆಲ್ಲ ದಾರಿ ಬರಿದಾಗಿ ಕಾಣುತ್ತದೆ. ಪಕ್ಕದ ಪಥದಲ್ಲಿ ಗಂಟೆಗೆ 1,000 ಕಾರು ಸಾಗಿದವು ಎನ್ನೋಣ. ಕಾರಿಗೆ ಒಂದೂವರೆ ಜನರಂತೆ ಹಿಡಿದರೂ 1,500 ಜನ ಅಷ್ಟೇ. ತುಂಬಿ ತುಳುಕುವ ಪಥಕ್ಕಿಂತ ಬರಿದಾಗಿ ಕಾಣುವ ಪಥವೇ ಎರಡು ಪಟ್ಟಿಗೂ ಹೆಚ್ಚು ಜನರನ್ನು ದಾಟಿಸಿತು. ನಮ್ಮ ಕಣ್ಣಿಗೆ ತಗಡಿನ ಲೆಕ್ಕ ಸಿಗುತ್ತದೆ, ತಲೆಗಳ ಲೆಕ್ಕ ಸಿಗುವುದಿಲ್ಲ.

ಇದೇ ಲೆಕ್ಕ ಗೆಳೆಯನ ಪರವಾಗಿಯೂ ಮಾತಾಡುತ್ತದೆ, ಅದನ್ನು ಮುಚ್ಚಿಡಬಾರದು. ಗಂಟೆಗೆ 25ಕ್ಕಿಂತ ಕಡಿಮೆ ಬಸ್ಸು ಬಂದರೆ ಆ ಪಥ ಕಾರಿನ ಪಥಕ್ಕಿಂತ ಹಿಂದೆ ಬೀಳುತ್ತದೆ. ಗೂಟ ನೆಟ್ಟು ಬಸ್ಸು ಬಿಡದ ಸರ್ಕಾರಕ್ಕೆ ಜಾಗ ಕೇಳುವ ಹಕ್ಕಿಲ್ಲ.

ಸಾಲಿನಲ್ಲಿ ಎಲ್ಲರೂ ಸಮಾನರು ಎನ್ನುತ್ತೇವೆ. ರೇಷನ್ ಅಂಗಡಿಯ ಮುಂದೆ ಇದು ನಿಜ, ಅಲ್ಲಿ ಒಬ್ಬರಿಗೆ ಒಂದು ಸರದಿ. ರಸ್ತೆಯ ಸಾಲಿನಲ್ಲಿ ಸರದಿ ಸಿಗುವುದು ವಾಹನಕ್ಕೆ. ಒಬ್ಬನೇ ಕೂತ ಕಾರಿಗೂ ಒಂದು ಸರದಿ, 60 ಜನ ನಿಂತ ಬಸ್ಸಿಗೂ ಒಂದೇ ಸರದಿ. ಬಸ್ ಪಥ ಯಾರಿಗೋ ಕೊಡುವ ರಿಯಾಯಿತಿ ಎಂಬ ಮಾತನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ. ಈಗಾಗಲೇ ಇರುವ ಒಂದು ದೊಡ್ಡ ರಿಯಾಯಿತಿಯನ್ನು ಅದು ಹಿಂದಕ್ಕೆ ಪಡೆಯುತ್ತದೆ, ಅಷ್ಟೇ.

ದೆಹಲಿಯಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತ್ತು. ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ 2008ರಲ್ಲಿ ಸುಮಾರು ಆರು ಕಿಲೋಮೀಟರ್ ಬಸ್ ಪಥ ಮಾಡಿದ್ದರು. ಅದನ್ನು ಎಲ್ಲ ವಾಹನಗಳಿಗೂ ತೆರೆಯಬೇಕೆಂಬ ಅರ್ಜಿ ಹೈಕೋರ್ಟಿಗೆ ಹೋಯಿತು. ಸಂಪತ್ತು ಸೃಷ್ಟಿಸುವವರು ಕಾರಿನಲ್ಲಿ ಓಡಾಡುತ್ತಾರೆ, ಅವರ ಸಮಯ ಪೋಲಾಗುತ್ತಿದೆ ಎಂಬ ವಾದವೂ ಅಲ್ಲಿ ಕೇಳಿಬಂತು. 2012ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು. ಆ ವಾದ ನನಗೆ ಇಂದಿಗೂ ನೋವು ಕೊಡುತ್ತದೆ. ನಮ್ಮ ಹೊರವರ್ತುಲ ರಸ್ತೆಯ ಬೆಳ್ಳಂದೂರಿನ ಕಚೇರಿಯ ನೆಲ ಒರೆಸಿ, ಕಾವಲು ಕಾದು, ಅಲ್ಲಿನ ಕ್ಯಾಂಟೀನಿನಲ್ಲಿ ಅನ್ನ ಬಡಿಸಿ 500 ಡಿ ಬಸ್ಸು ಹತ್ತುವವರ ಒಂದು ಗಂಟೆ ಅಗ್ಗ, ಅದೇ ಕಚೇರಿಯ ಮೇಲಿನ ಮಹಡಿಯವರ ಒಂದು ಗಂಟೆ ದುಬಾರಿ ಎಂದು ಸಂಬಳದ ಪಟ್ಟಿ ಹೇಳಬಹುದು. ರಸ್ತೆಯೂ ಅದನ್ನೇ ಹೇಳಬೇಕೆ? ಮನೆಗೆ ಹೋಗಿ ಮಗುವಿನ ಪಕ್ಕ ಕೂರುವ ಹೊತ್ತಿಗೆ ಅಗ್ಗ ದುಬಾರಿ ಎಂಬುದಿಲ್ಲ. ನ್ಯಾಯಾಲಯದಲ್ಲಿ ಗೆದ್ದ ದೆಹಲಿಯ ಆ ಪಥವನ್ನು 2016ರಲ್ಲಿ ಸರ್ಕಾರವೇ ಕಿತ್ತುಹಾಕಿತು. ನಡುರಸ್ತೆಯ ನಿಲ್ದಾಣಕ್ಕೆ ಜನ ಜೀವ ಕೈಯಲ್ಲಿ ಹಿಡಿದು ದಾಟಬೇಕಿದ್ದಂಥ ದೋಷಗಳಿದ್ದವು, ಆದರೆ ಅವು ತಿದ್ದಬಹುದಾದ ದೋಷಗಳು.

ಹೊತ್ತಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸಿನ ಟಿಕೆಟ್ ಉಚಿತವಾಯಿತು, ಹೊತ್ತು ಉಚಿತವಾಗಲಿಲ್ಲ. ಅರ್ಧ ಗಂಟೆ ಒಂದೂ ಬಸ್ಸಿಲ್ಲ, ಆಮೇಲೆ ಮೂರು ಒಟ್ಟಿಗೆ ಬರುತ್ತವೆ. ಇದಕ್ಕೆ ಡ್ರೈವರನ್ನು ಬೈಯುತ್ತೇವೆ. ದಟ್ಟಣೆಯಲ್ಲಿ ಒಂದು ಬಸ್ಸು ತಡವಾದರೆ ಮುಂದಿನ ನಿಲ್ದಾಣದಲ್ಲಿ ಜನ ಹೆಚ್ಚು ಸೇರಿರುತ್ತಾರೆ, ಅವರನ್ನು ಹತ್ತಿಸಿಕೊಂಡು ಅದು ಇನ್ನೂ ತಡವಾಗುತ್ತದೆ, ಹಿಂದಿನದು ಖಾಲಿಯಾಗಿ ಬಂದು ಅದರ ಬೆನ್ನಿಗೆ ನಿಲ್ಲುತ್ತದೆ. ದಾರಿ ಬಿಡಿಸಿಕೊಟ್ಟರೆ ಈ ಗಂಟು ಬಹುಮಟ್ಟಿಗೆ ಸಡಿಲವಾಗುತ್ತದೆ. ಎರಡು ಗಂಟೆಯ ಟ್ರಿಪ್ಪು ಒಂದೂವರೆ ಗಂಟೆಗೆ ಇಳಿದರೆ, 12 ಗಂಟೆಯಲ್ಲಿ ಆರು ಟ್ರಿಪ್ಪು ಮಾಡುವ ಬಸ್ಸು ಎಂಟು ಮಾಡುತ್ತದೆ. ಹೊಸ ಬಸ್ಸು ಕೊಳ್ಳದೆಯೇ ಬಸ್ಸುಗಳು ಹೆಚ್ಚುತ್ತವೆ.

ನನ್ನನ್ನು ನಿಜಕ್ಕೂ ಕಾಡುವ ಆಕ್ಷೇಪ ಕಾರಿನವರದಲ್ಲ, ಸ್ಕೂಟರಿನವರದು. ಊಟದ ಡಬ್ಬಿ ತಲುಪಿಸುವ ಹುಡುಗ ಸಿರಿವಂತನಲ್ಲ, ಒಂದು ಪಥ ಕಡಿಮೆಯಾದರೆ ಅವನ ಹೊಟ್ಟೆಗೇ ಹೊಡೆತ. ಅವನಿಗೆ ನನ್ನ ಬಳಿ ಪೂರ್ಣ ಉತ್ತರವಿಲ್ಲ. ಆದರೆ ಸಾಲ ಮಾಡಿ ಸ್ಕೂಟರ್ ಕೊಂಡವರಲ್ಲಿ ಬಸ್ಸನ್ನು ನಂಬಲಾಗದೆ ಕೊಂಡವರು ಎಷ್ಟು ಮಂದಿ! ಹಾಗೆ ಬಸ್ಸಿಳಿದು ಹೋದ ಒಬ್ಬೊಬ್ಬರೂ ಬಸ್ಸಿನಲ್ಲಿ ಉಳಿದವರ ದಾರಿಯನ್ನು ಇನ್ನಷ್ಟು ಕಟ್ಟುತ್ತಾರೆ. ಅದಕ್ಕೆ ಅವರನ್ನು ದೂರಲಾರೆ. ರಾಯಚೂರಿನ ಕಡೆ ನಾಲೆಯ ಕೆಳಭಾಗದ ರೈತರನ್ನು ಕೇಳಿ. ಮೇಲಿನವರು ತಂತಮ್ಮ ಹೊಲಕ್ಕೆ ಬೇಕಾದಷ್ಟು ತಿರುಗಿಸಿಕೊಂಡರೆ ಕೊನೆಗೆ ನೀರೇ ಮುಟ್ಟುವುದಿಲ್ಲ. ಮೇಲಿನ ತೂಬನ್ನು ಸರದಿಯಂತೆ ಮುಚ್ಚಿಸುವುದನ್ನು ಸ್ವಾತಂತ್ರ್ಯಹರಣ ಎಂದು ಆ ರೈತರು ಎಂದೂ ಕರೆಯಲಾರರು. ಆಗ ನಾಲೆಯ ಮೇಲ್ಭಾಗದಲ್ಲಿ ನೀರು ತುಂಬಿ ಹರಿಯುತ್ತಲೇ ಇರುತ್ತದೆ, ಯಾರೂ ಮುಟ್ಟುವಂತಿಲ್ಲ. ಬಸ್ ಪಥದ ಬರಿದೂ ಅಂಥದ್ದೇ: ಕೆಳಗಿನವರಿಗೆ ತಲುಪಲೆಂದು ಮುಟ್ಟದೆ ಬಿಟ್ಟದ್ದು.

ಹುಬ್ಬಳ್ಳಿ-ಧಾರವಾಡದ ನಡುವೆ 2018ರಲ್ಲಿ 'ಚಿಗರಿ' ಎಂಬ ಹೆಸರಿನ ಬಸ್ಸುಗಳು ಓಡತೊಡಗಿದಾಗ ಸುಮಾರು 22 ಕಿಲೋಮೀಟರ್ ದಾರಿ ಅವುಗಳ ಪಾಲಿಗೆ ಬಂತು. ಅಲ್ಲೂ ಪಕ್ಕದ ಪಥದ ಇಕ್ಕಟ್ಟು ಕಂಡು, ಎಲ್ಲರಿಗೂ ತೆರೆಯಿರಿ ಎಂಬ ಕೂಗೆದ್ದಿತು. ಬೆಂಗಳೂರಿನಲ್ಲಿ ಕೂಗಿಗೂ ಸಮಯ ಸಿಗಲಿಲ್ಲ. ಮೊದಲು ಕೊರೋನಾ ಬಂತು, ಹಿಂದೆಯೇ ಮೆಟ್ರೋ ಕಾಮಗಾರಿ ಬಂತು. ಗೂಟಗಳು ಹೋದವು, ಪಥ ಎಲ್ಲರದೂ ಆಯಿತು, ಎಂದರೆ ಮೊದಲಿನಂತೆ ಕಾರುಗಳದಾಯಿತು.

ಮೆಟ್ರೋ ಬಂದ ಮೇಲೆ ಬಸ್ ಪಥ ಯಾಕೆ ಎನ್ನುವವರಿದ್ದಾರೆ. ಮೆಟ್ರೋ ನಿಲ್ದಾಣಕ್ಕೆ ಹೋಗಲು, ಎರಡು ನಿಲ್ದಾಣಗಳ ನಡುವೆ ಇಳಿಯಲು, ಮೆಟ್ರೋ ಮುಟ್ಟದ ಒಳಬಡಾವಣೆ ಸೇರಲು ಬಸ್ಸೇ ಬೇಕು. ಗೂಟ ನೆಡಬೇಕಾದದ್ದು ಕಾಮಗಾರಿಯ ತಗಡು ತೆಗೆದು ರಸ್ತೆಗೆ ಹೊಸ ಡಾಂಬರು ಹಾಕಿದ ಮೊದಲ ಬೆಳಗ್ಗೆ. ಅಗಲವಾದ ರಸ್ತೆಯ ರುಚಿ ಕಾರುಗಳಿಗೆ ಹತ್ತಿದ ಮೇಲೆ ಅದನ್ನು ಕೇಳಿ ಪಡೆಯುವುದು ಎಷ್ಟು ಕಷ್ಟ ಎಂಬುದನ್ನು ನಾವು ಒಮ್ಮೆ ನೋಡಿದ್ದೇವೆ.